ಗೊತ್ತಿಲ್ಲ, ಬನ್ನಿ ಕೇಳೋಣ: ಕ್ರೀಡಾಕೂಟಕ್ಕೆ ಸ್ವಯಂಸೇವಕರನ್ನು ತಯಾರು ಮಾಡಿದ ನನ್ನ ಅನುಭವ

ಶಿವಮೊಗ್ಗದಲ್ಲಿ ಆಟೋ ಹತ್ತಿ ಸುಮ್ನೆ "ಸ್ಟೇಡಿಯಂ" ಅಂದರೆ ಎರಡು ಕಡೆ ಹೋಗಬಹುದು. ಒಂದು ಊರೊಳಗಿನ ನೆಹರೂ ಕ್ರೀಡಾಂಗಣ. ಇನ್ನೊಂದು ಸವಳಂಗ ರಸ್ತೆಯ ನವುಲೆಯಲ್ಲಿರುವ ಕ್ರಿಕೆಟ್ ಸ್ಟೇಡಿಯಂ. ಇಲ್ಲಿಯವರಿಗೆ ಇದು ದೊಡ್ಡ ಗೊಂದಲವಲ್ಲ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬೆಳಿಗ್ಗೆ ಬಂದಿಳಿದವರಿಗೆ ಹೇಗೆ ಗೊತ್ತಾಗಬೇಕು?

ಕೆಲವು ವರ್ಷಗಳ ಹಿಂದೆ ಒಂದು ಕ್ರೀಡಾಕೂಟದಲ್ಲಿ ಸ್ವಯಂಸೇವಕರ ಜವಾಬ್ದಾರಿ ನನ್ನದಾಗಿತ್ತು. ರಾಯಚೂರು ಕಡೆಯಿಂದ ಬಂದಿದ್ದ ಒಬ್ಬ ಹುಡುಗಿ, 800 ಮೀಟರ್ ಓಟಗಾರ್ತಿ, ಉಳಿದುಕೊಂಡಿದ್ದ ಹಾಸ್ಟೆಲ್ಲಿನ ಗೇಟಿನಲ್ಲಿ ನಿಂತಿದ್ದ ನಮ್ಮ ಹುಡುಗನನ್ನು ಓಟ ಎಲ್ಲಿ ಅಂತ ಕೇಳಿದಳು. ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದಕ್ಕೆ ಸಂಕೋಚ. "ಸ್ಟೇಡಿಯಂ ಅಕ್ಕ, ಆಟೋದವರಿಗೆ ಹೇಳಿ, ಬಿಡ್ತಾರೆ" ಅಂದುಬಿಟ್ಟ. ಆಟೋ ನವುಲೆಗೆ ಹೋಯಿತು. ಅವಳು ವಾಪಸ್ ನೆಹರೂ ಕ್ರೀಡಾಂಗಣ ಮುಟ್ಟುವ ಹೊತ್ತಿಗೆ ಕಾಲ್ ರೂಂ ಮುಚ್ಚಿತ್ತು. ಅಥ್ಲೆಟಿಕ್ಸ್‌ನಲ್ಲಿ ಓಟಕ್ಕೆ ಮೊದಲು ಕಾಲ್ ರೂಮಿನಲ್ಲಿ ಹೇಳಿದ ಸಮಯಕ್ಕೆ ಹಾಜರಿ ಹಾಕಬೇಕು. ಹಾಕದಿದ್ದರೆ ಓಟಕ್ಕೆ ಬಿಡುವುದಿಲ್ಲ. ಅಧಿಕಾರಿಗಳ ತಪ್ಪೂ ಅಲ್ಲ, ನಿಯಮವೇ ಹಾಗೆ.

ಅವಳು ಅಳಲಿಲ್ಲ. ಮೆಟ್ಟಿಲ ಮೇಲೆ ಕೂತು, ಎದೆಗೆ ಚುಚ್ಚಿಕೊಂಡಿದ್ದ ನಂಬರಿನ ನಾಲ್ಕು ಪಿನ್ನುಗಳನ್ನು ಒಂದೊಂದಾಗಿ ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡಳು. ಆಮೇಲೆ ನಂಬರಿನ ಬಟ್ಟೆಯನ್ನು ಮಡಚಿ ಬ್ಯಾಗಿಗೆ ಹಾಕಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಏನು ಹೇಳಬೇಕೋ ತಿಳಿಯಲಿಲ್ಲ.

ಆ ಹುಡುಗನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನಾನು ಅವನಿಗೆ ಕಲಿಸಿದ್ದಾದರೂ ಏನು? ಸಭಾಂಗಣದಲ್ಲಿ ಕೂರಿಸಿ ಎರಡು ಗಂಟೆ ಮಾತಾಡಿದ್ದೆ. ಶಿಸ್ತು, ಸೇವೆ, ಊರಿನ ಮರ್ಯಾದೆ ಅಂತೆಲ್ಲ ಹೇಳಿದ್ದೆ. ಗೊತ್ತಿಲ್ಲದಿದ್ದಾಗ ಏನು ಮಾಡಬೇಕು ಅಂತ ಮಾತ್ರ ಹೇಳಿರಲಿಲ್ಲ.

ನಾನು ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಜೊತೆಗೆ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕ ನೋಡಿಕೊಳ್ಳುತ್ತೇನೆ. ಎರಡು ವರ್ಷದ ನಂತರ ಮತ್ತೆ ಇಂಥದ್ದೇ ಕೆಲಸ ಬಂತು. ನಾಲ್ಕು ದಿನದ ರಾಜ್ಯಮಟ್ಟದ ಕೂಟ, ಒಂಬತ್ತು ಆಟ, ಐದು ಜಾಗ. ನಮಗೆ ಬೇಕಾಗಿದ್ದು 140 ಜನ. ಈ ಸಲ ತಯಾರಿಗೆ ಆರು ವಾರ ಬೇಕು ಅಂತ ಮೊದಲೇ ಕೇಳಿ ತೆಗೆದುಕೊಂಡೆ.

ದೊಡ್ಡ ಕೂಟಗಳಲ್ಲಿ ಇದನ್ನು ಹೇಗೆ ಮಾಡುತ್ತಾರೆ ಅಂತ ಓದಿದೆ. 2012ರ ಲಂಡನ್ ಒಲಿಂಪಿಕ್ಸ್‌ಗೆ ಸುಮಾರು 70,000 ಸ್ವಯಂಸೇವಕರಿದ್ದರು. ಅರ್ಜಿ ಹಾಕಿದವರು 2,40,000 ಮಂದಿ. ಅವರಿಗೆ ತರಬೇತಿ ಮೂರು ಹಂತದಲ್ಲಿತ್ತು: ಮೊದಲು ಕೂಟದ ಪರಿಚಯ, ಆಮೇಲೆ ಅವರವರ ಕೆಲಸ, ಕೊನೆಗೆ ಅವರು ನಿಲ್ಲುವ ಜಾಗ. ನಾನು ಈ ಮೂರನ್ನೂ ಎತ್ತಿಕೊಂಡೆ, ಆದರೆ ತಿರುವು ಹಾಕಿದೆ. ನಮ್ಮಲ್ಲಿ ಜಾಗ ಮೊದಲು. ಜಾಗ ಕಾಲಿಗೆ ಗೊತ್ತಾದರೆ ಉಳಿದದ್ದು ಬೇಗ ತಲೆಗೆ ಹೋಗುತ್ತದೆ ಅನ್ನುವುದು ನನ್ನ ನಂಬಿಕೆ.

ಅರ್ಜಿಯಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ: "ನಿಮ್ಮ ಊರಿಗೆ ಕೊನೆಯ ಬಸ್ ಎಷ್ಟು ಗಂಟೆಗೆ?" ನಗಬೇಡಿ, ಮಲೆನಾಡಿನಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲ. ತೀರ್ಥಹಳ್ಳಿ, ಹೊಸನಗರದ ಒಳಗಿನ ಹಳ್ಳಿಗಳಿಂದ ದಿನಾ ಬಂದು ಹೋಗುವ ಹುಡುಗಿಯರು ನಮ್ಮಲ್ಲಿ ತುಂಬಾ ಜನ. ಪೇಟೆಯವರೆಗೆ ಬಸ್ಸು ಎಷ್ಟು ಬೇಕಾದರೂ ಸಿಗುತ್ತದೆ. ಅಲ್ಲಿಂದ ಒಳಗೆ ಹೋಗುವ ಒಂದು ಬಸ್ ತಪ್ಪಿದರೆ ಮುಗಿಯಿತು. ಸಂಜೆ ಐದಾಗುತ್ತಿದ್ದಂತೆ ಅವಳ ಗಮನ ಗಡಿಯಾರದ ಮೇಲಿರುತ್ತದೆ, ಕೆಲಸದ ಮೇಲಲ್ಲ. ಅದು ಅವಳ ತಪ್ಪಲ್ಲ. ಹಾಗಾಗಿ ಬಸ್ ನೋಡಿ ಶಿಫ್ಟ್ ಹಾಕಿದೆ. ಹಾಸ್ಟೆಲ್ಲಿನವರಿಗೂ ಊರಲ್ಲೇ ಮನೆ ಇರುವವರಿಗೂ ಮುಂಜಾನೆ ಮತ್ತು ಸಂಜೆ. ದೂರದವರಿಗೆ ನಡುವಿನ ಹೊತ್ತು. ಶಿಫ್ಟ್ ಬದಲಾಗುವಾಗ ಅರ್ಧ ಗಂಟೆ ಇಬ್ಬರೂ ಒಟ್ಟಿಗೆ ನಿಲ್ಲಬೇಕು ಅಂತ ಮಾಡಿದೆ. ಆ ಅರ್ಧ ಗಂಟೆಯಲ್ಲಿ ಹಳಬರು ಹೊಸಬರಿಗೆ, "ಎರಡನೇ ಗೇಟ್ ಮುಚ್ಚಿದಾರೆ, ನೀರಿನ ಕ್ಯಾನ್ ಖಾಲಿ" ಅಂತ ದಾಟಿಸುತ್ತಾರೆ.

ಇನ್ನೊಂದು ಲೆಕ್ಕ ಅಡಿಕೆಯದು. ಕೂಟ ಇದ್ದದ್ದು ನವೆಂಬರ್‌ನಲ್ಲಿ. ತೋಟವಿರುವ ಮನೆಗಳಲ್ಲಿ ಕೊನೆ (ಅಡಿಕೆ ಗೊನೆ) ಕೊಯ್ಲು ಶುರುವಾಗುವ ಕಾಲ. ಒಬ್ಬಳು ಬಂದು, "ಮೇಡಂ, ಕೊನೆಗೌಡ ಆ ವಾರವೇ ಬರ್ತೀನಿ ಅಂದಿದಾನೆ, ಅಪ್ಪ ಬಿಡಲ್ಲ" ಅಂದಳು. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡ ಸಿಗುವುದೇ ಕಷ್ಟ, ಅವನು ಹೇಳಿದ ದಿನಕ್ಕೆ ಮನೆಯವರೆಲ್ಲ ತೋಟದಲ್ಲಿರಬೇಕು. ಅವಳ ಹೆಸರನ್ನು ನಾನೇ ಹೊಡೆದು ಹಾಕಿ, ಮುಂದಿನ ಸಲ ಬಾ ಅಂದೆ. ಮೊದಲೇ ಹೇಳಿದ್ದಕ್ಕೆ ಅವಳಿಗೆ ಥ್ಯಾಂಕ್ಸ್ ಕೂಡ ಹೇಳಿದೆ. ಕೊನೆಯ ದಿನ ಫೋನ್ ಎತ್ತದೇ ಇರುವವರಿಗಿಂತ ಇವಳು ಎಷ್ಟೋ ಮೇಲು, ಅಲ್ವಾ?

2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ಸಾವಿರಾರು ಸ್ವಯಂಸೇವಕರು ಕೂಟ ಶುರುವಾಗುವ ಮೊದಲೇ ಕೈಬಿಟ್ಟರು ಅಂತ ಪತ್ರಿಕೆಗಳಲ್ಲಿ ಬಂದದ್ದು ನನಗೆ ನೆನಪಿತ್ತು. ಅದಕ್ಕೇ 140ಕ್ಕೆ 165 ಜನರನ್ನು ತೆಗೆದುಕೊಂಡೆ. ಟೀ ಶರ್ಟನ್ನು ಕೊನೆಯ ತಾಲೀಮು ಮುಗಿದ ಮೇಲೆಯೇ ಕೊಟ್ಟೆ. ಕೊನೆಗೆ ಬಂದವರು 148. ಎನ್‌ಎಸ್‌ಎಸ್‌ನಲ್ಲಿ ವರ್ಷಕ್ಕೆ 120 ಗಂಟೆ ಸೇವೆ ಆಗಬೇಕು. ಕೆಲವರು ಆ ಗಂಟೆಗೋಸ್ಕರವೇ ಬಂದಿದ್ದರು. ಅದರಲ್ಲಿ ತಪ್ಪೇನಿಲ್ಲ. ಗಂಟೆಗಾಗಿ ಬಂದವರಲ್ಲೇ ಇಬ್ಬರು ನನ್ನ ಅತಿ ಒಳ್ಳೆಯ ತಂಡನಾಯಕರಾದರು.

ಜಾಗದ ತರಬೇತಿ ಅಂದರೆ ನಡಿಗೆ. ಮೊದಲ ಭಾನುವಾರ ಎಲ್ಲರನ್ನೂ ರೈಲ್ವೆ ನಿಲ್ದಾಣಕ್ಕೆ ಕರೆದೆ. "ನೀವು ಬೀದರಿನಿಂದ ಈಗ ಇಳಿದಿದ್ದೀರಿ. ಕೈಯಲ್ಲಿ ಎರಡು ಬ್ಯಾಗು, ಫೋನಲ್ಲಿ ಚಾರ್ಜ್ ಇಲ್ಲ. ಕಬಡ್ಡಿ ಅಂಕಣಕ್ಕೆ ಹೋಗಿ" ಅಂದೆ. ಹತ್ತು ಹತ್ತು ಜನರ ಗುಂಪಾಗಿ ಹೊರಟರು. ಎರಡನೇ ವಾರ ಬಸ್ ನಿಲ್ದಾಣದಿಂದ. ಮೂರನೇ ವಾರ ಮಳೆ ಹಿಡಿದುಕೊಂಡಿತ್ತು, ಬಿಡಲಿಲ್ಲ. ಛತ್ರಿ ಹಿಡಿದೇ ನಡೆದೆವು. ಆ ದಿನವೇ ನಮಗೆ ಒಂದು ಗೇಟಿನ ಮುಂದೆ ಮೊಣಕಾಲಿನ ಹತ್ತಿರ ನೀರು ನಿಲ್ಲುತ್ತದೆ ಅಂತ ಗೊತ್ತಾಗಿದ್ದು. ಬಿಸಿಲಲ್ಲೇ ಹೋಗಿದ್ದರೆ ಗೊತ್ತಾಗುತ್ತಿರಲಿಲ್ಲ.

ನಡೆದು ಬಂದ ಮೇಲೆ ಪ್ರತಿಯೊಬ್ಬರೂ ತಮ್ಮ ಜಾಗದ ನಕ್ಷೆಯನ್ನು ಕೈಯಲ್ಲೇ ಬರೆಯಬೇಕು. ಗೂಗಲ್ ಮ್ಯಾಪ್ ಬೇಡ. ಕುಡಿಯುವ ನೀರು, ಹೆಣ್ಣುಮಕ್ಕಳ ಶೌಚಾಲಯ, ಬಟ್ಟೆ ಬದಲಾಯಿಸುವ ಕೋಣೆ, ಆಂಬ್ಯುಲೆನ್ಸ್ ಒಳಗೆ ಬರುವ ಗೇಟ್, ಆ ಗೇಟಿನ ಬೀಗದ ಕೈ ಯಾರ ಹತ್ತಿರ ಇದೆ. ಈ ಐದು ಇರಲೇಬೇಕು. ಬೀಗದ ಕೈ ವಿಷಯ ಯಾರೂ ಬರೆದಿರಲಿಲ್ಲ. ಮತ್ತೆ ಕಳಿಸಿದೆ.

ಮಾತಿನ ತರಬೇತಿಗೆ ಒಂದೇ ವಾಕ್ಯ: "ಗೊತ್ತಿಲ್ಲ, ಬನ್ನಿ ಕೇಳೋಣ." ಊಹೆ ಮಾಡಿ ಹೇಳುವುದು ಪೂರ್ತಿ ಬಂದ್. ಗೊತ್ತಿಲ್ಲ ಅಂದು ಸುಮ್ಮನೆ ನಿಲ್ಲುವಂತೆಯೂ ಇಲ್ಲ. ಗೊತ್ತಿರುವವರ ಹತ್ತಿರ ಅವರನ್ನು ಕರೆದುಕೊಂಡು ಹೋಗಬೇಕು, ಇಲ್ಲವೇ ತಂಡನಾಯಕನಿಗೆ ಫೋನ್ ಹಚ್ಚಬೇಕು. ಹೇಳಲು ಸುಲಭ. ಆದರೆ ಹದಿನೆಂಟು ವರ್ಷದ ಹುಡುಗನಿಗೆ ಎಲ್ಲರೆದುರು ಗೊತ್ತಿಲ್ಲ ಅನ್ನುವುದು ತುಂಬಾ ಕಷ್ಟ. ಶಾಲೆಯಲ್ಲಿ ಗೊತ್ತಿಲ್ಲ ಅಂದಾಗಲೆಲ್ಲ ನಾವೇ ಅಲ್ವಾ ಬೈದು ಕೂರಿಸಿದ್ದು? ಹಾಗಾಗಿ ಜೋರಾಗಿ ಹೇಳಿಸಿದೆ, ಮತ್ತೆ ಮತ್ತೆ ಹೇಳಿಸಿದೆ. ಹಿಂದಿನ ಸಲ ನವುಲೆ ದಾರಿ ಹಿಡಿಸಿದ್ದ ಹುಡುಗ ಆಗ ಕೊನೆಯ ವರ್ಷದಲ್ಲಿದ್ದ. ನಾನು ಕೇಳದೆಯೇ ಎದ್ದು ನಿಂತು ಅಂದು ಆದದ್ದನ್ನೆಲ್ಲ ಹೊಸಬರಿಗೆ ಹೇಳಿದ. ನನ್ನ ಯಾವ ಮಾತೂ ಅಷ್ಟು ನಾಟಿರಲಿಲ್ಲ.

ಕಲಬುರಗಿ ಕಡೆಯವರಾದ ನಮ್ಮ ಸಹೋದ್ಯೋಗಿಯೊಬ್ಬರನ್ನು ಸಿಟ್ಟಿಗೆದ್ದ ತಂಡದ ಮ್ಯಾನೇಜರ್ ಆಗಿ ಬನ್ನಿ ಅಂತ ಕೇಳಿಕೊಂಡೆ. ಅವರು ಬಾಗಿಲು ದೂಡಿಕೊಂಡೇ ಬಂದರು. "ಏನ್ರೀ ಇದು, ನಮ್ಮ ಹುಡುಗ್ರು ಮುಂಜಾನಿಂದ ಉಪವಾಸ ಅದಾರ, ಊಟ ಎಲ್ಲದ?" ಎದುರಿಗಿದ್ದವಳು ಹೊಸನಗರದ ಹುಡುಗಿ, ಮೊದಲ ವಾರ ತನ್ನ ಹೆಸರು ಹೇಳಲೂ ದನಿ ಏಳದವಳು. ಒಂದು ಕ್ಷಣ ನನ್ನ ಕಡೆ ನೋಡಿದಳು. ಆಮೇಲೆ, "ಸರ್, ಮೊದಲು ನೀರು ಕುಡೀರಿ. ಊಟದ ಜಾಗಕ್ಕೆ ನಾನೇ ಬರ್ತೀನಿ, ಹುಡುಗರೆಲ್ಲ ಎಷ್ಟು ಜನ ಇದಾರೆ?" ಅಂದಳು. ಅವರ ಸಿಟ್ಟು ನಾಟಕದ್ದಾದರೂ ಅಲ್ಲೇ ಇಳಿದುಹೋಯಿತು. ಎಷ್ಟು ಜನ ಅಂತ ಕೇಳಿದ್ದು ಅವಳದೇ ಬುದ್ಧಿ. ನಾವು ಕಲಿಸಿದ್ದಲ್ಲ.

ಕೆಲಸದ ತರಬೇತಿಯಲ್ಲಿ ನಾನು ಹೆಚ್ಚು ಹೊತ್ತು ಕೊಟ್ಟದ್ದು ಎರಡಕ್ಕೆ. ಒಂದು ಹರ್ಡಲ್ಸ್, ಅಂದರೆ ಅಡ್ಡ ಇಟ್ಟ ತಡೆಗಳನ್ನು ಹಾರುತ್ತಾ ಓಡುವ ಓಟ. 400 ಮೀಟರ್ ಹರ್ಡಲ್ಸ್‌ಗೆ ಒಂದು ಲೇನಿಗೆ ಹತ್ತು, ಎಂಟು ಲೇನಿಗೆ ಎಂಬತ್ತು. ಗಂಡಸರದ್ದು 91.4 ಸೆಂಟಿಮೀಟರ್ ಎತ್ತರ, ಹೆಂಗಸರದ್ದು 76.2. ಮೊದಲ ಹರ್ಡಲ್ ಸ್ಟಾರ್ಟಿನಿಂದ 45 ಮೀಟರ್‌ಗೆ, ಆಮೇಲೆ 35 ಮೀಟರ್‌ಗೊಂದು, ಕೊನೆಯದರಿಂದ ಗುರಿಗೆ 40. ಅಳತೆಯ ಗುರುತು ಟ್ರ್ಯಾಕಿನ ಮೇಲೇ ಇರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಹೆದರಬೇಕಾದ್ದು ದಿಕ್ಕಿಗೆ. ಹರ್ಡಲ್‌ನ ಪಾದ ಓಡಿ ಬರುವವರ ಕಡೆಗಿರಬೇಕು. ಆಗ ಕಾಲು ತಗುಲಿದರೆ ಅದು ಮುಂದಕ್ಕೆ ಬೀಳುತ್ತದೆ. ತಿರುಗಿಸಿ ಇಟ್ಟರೆ ಬೀಳುವುದೇ ಇಲ್ಲ, ಬೀಳುವವನು ಓಟಗಾರ. ಎತ್ತರ ಬದಲಾಯಿಸಿದಾಗ ಕೆಳಗಿನ ತೂಕವನ್ನೂ ಸರಿಸಬೇಕು. ಇಬ್ಬರಿಗೊಂದು ಲೇನ್ ಕೊಟ್ಟು ಇಡಿಸಿದೆ, ತೆಗೆಸಿದೆ, ಮತ್ತೆ ಇಡಿಸಿದೆ. ಪ್ರತಿ ಸಲವೂ ಮೂರನೆಯವರೊಬ್ಬರು ಸ್ಟಾರ್ಟಿನಿಂದ ನಡೆದುಕೊಂಡು ಬಂದು ಪಾದಗಳನ್ನು ನೋಡಬೇಕು.

ಇನ್ನೊಂದು ಜಾವೆಲಿನ್, ಅಂದರೆ ಭರ್ಜಿ ಎಸೆತ. ಎಸೆಯುವ ಜಾಗದ ಹತ್ತಿರ ನಿಂತವರು ಎಸೆಯುವವರಿಗೆ ಬೆನ್ನು ಹಾಕಬಾರದು. ಬಿದ್ದ ಜಾವೆಲಿನ್ನನ್ನು ಹೊತ್ತು ತರಬೇಕು, ತಿರುಗಿ ಎಸೆಯಲೇಬಾರದು. ಇದನ್ನು ತೋಟದ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. "ಮರದ ಮೇಲೆ ಕೊನೆಗೌಡ ಇದ್ದಾಗ ಕೆಳಗೆ ನಿಂತೋರು ಹೇಗಿರ್ತೀರಿ?" ಅಂತ ಕೇಳಿದೆ. ಹಗ್ಗದಲ್ಲಿ ಜಾರಿ ಬರುವ ಕೊನೆ ಹಿಡಿದು ಗೊತ್ತಿದ್ದವರು ತಲೆ ಎತ್ತಿ ತೋರಿಸಿದರು. ಅಷ್ಟೇ ಸಾಕಾಯಿತು.

ಪ್ರಥಮ ಚಿಕಿತ್ಸೆಗೆ ಒಬ್ಬ ನರ್ಸ್ ಬಂದು ಕಲಿಸಿದರು. ಮಾತ್ರೆ ಯಾರಿಗೂ ಕೊಡಬಾರದು, ಕುತ್ತಿಗೆಗೆ ಪೆಟ್ಟಾದವರನ್ನು ಎತ್ತಬಾರದು, 108ಕ್ಕೆ ಕರೆ ಮಾಡುವಾಗ ಗೇಟಿನ ಹೆಸರು ಹೇಳಬೇಕು. ಫಿಟ್ಸ್ ಬಗ್ಗೆ ಹೇಳಿದ್ದು ಎರಡನೇ ದಿನವೇ ಉಪಯೋಗಕ್ಕೆ ಬಂತು. ಗ್ಯಾಲರಿಯಲ್ಲಿ ಒಬ್ಬ ಹುಡುಗ ಕುಸಿದು ಬಿದ್ದ, ಕೈಕಾಲು ಸೆಟೆದಿದ್ದವು. ಸುತ್ತಲಿದ್ದವರು ಬೈಕಿನ ಕೀಲಿಕೈ ತೆಗೆದು ಅವನ ಮುಷ್ಟಿಗೆ ತುರುಕಲು ನೋಡುತ್ತಿದ್ದರು. ನಮ್ಮ ಭದ್ರಾವತಿಯ ಹುಡುಗ ಮಧ್ಯೆ ಹೋಗಿ, "ಕಬ್ಬಿಣ ಬೇಡ ಅಣ್ಣ, ಗಾಳಿ ಬಿಡಿ" ಅಂದ. ತನ್ನ ಕ್ಯಾಪನ್ನು ಮಡಚಿ ಅವನ ತಲೆಯ ಕೆಳಗಿಟ್ಟ. ಬಿಗಿಯಾಗಿ ಹಿಡಿಯಲಿಲ್ಲ, ಬಾಯಿಗೆ ನೀರು ಹಾಕಲು ಬಿಡಲಿಲ್ಲ. ಗಡಿಯಾರ ನೋಡಿಕೊಂಡ, ಐದು ನಿಮಿಷ ದಾಟಿದರೆ ಆಸ್ಪತ್ರೆ ಅಂತ ಕಲಿತಿದ್ದ. ಎರಡು ನಿಮಿಷದೊಳಗೆ ಸೆಟೆತ ನಿಂತಿತು. ಆಗ ಅವನನ್ನು ಮಗ್ಗುಲಿಗೆ ಹೊರಳಿಸಿದ. ಡಾಕ್ಟರ್ ಬರುವ ತನಕ ಅಲ್ಲೇ ಕೂತಿದ್ದ. ಸಂಜೆ ಅವನ ಕೈ ನೋಡಿದೆ, ಇನ್ನೂ ನಡುಗುತ್ತಿತ್ತು. ನನಗೆ ಅವನ ಬಗ್ಗೆ ಎಷ್ಟು ಹೆಮ್ಮೆಯಾಯಿತು ಅಂತ ಇಲ್ಲಿ ಬರೆಯಲಾರೆ.

ವಾಟ್ಸಾಪ್ ಗುಂಪಿನಲ್ಲಿ ತಂಡನಾಯಕರಿಗೆ ಮಾತ್ರ ಬರೆಯಲು ಬಿಟ್ಟೆವು. ಇಲ್ಲದಿದ್ದರೆ ಮುಖ್ಯ ಸಂದೇಶ ಗುಡ್ ಮಾರ್ನಿಂಗ್ ಚಿತ್ರಗಳಡಿ ಮುಳುಗುತ್ತದೆ.

ಊಟದ ಬಗ್ಗೆ ಮಾತ್ರ ನಾನು ಜಗಳವಾಡಿದೆ. ಎಲ್ಲ ಕೂಟದಲ್ಲೂ ಸ್ವಯಂಸೇವಕರಿಗೆ ಊಟ ಕೊನೆಗೆ. ಎಲ್ಲರದೂ ಆದ ಮೇಲೆ ತಳ ಹಿಡಿದ ಪಲಾವ್. ಮುಂಜಾನೆ ಐದಕ್ಕೆ ಎದ್ದು ಬಂದ ಮಕ್ಕಳು ಮೂರು ಗಂಟೆಯವರೆಗೆ ಹಸಿದು ನಿಂತರೆ ನಗುಮುಖ ಎಲ್ಲಿಂದ ಬರಬೇಕು? ಸಂಘಟಕರ ಎದುರು ಕೂತು, ಹನ್ನೆರಡು ಗಂಟೆಗೆ ಇವರಿಗೆ ಬೇರೆ ಪಂಕ್ತಿ ಆಗಲೇಬೇಕು ಅಂತ ಹಟ ಹಿಡಿದೆ. ಮೊದಲು ಒಪ್ಪಲಿಲ್ಲ. ಆಮೇಲೆ ಒಪ್ಪಿದರು. ಬೆಳಿಗ್ಗೆ ಕಾಫಿಯ ಜೊತೆ ಅವಲಕ್ಕಿ, ಮಧ್ಯಾಹ್ನ ಬಿಸಿ ಅನ್ನ ಸಾರು, ಮಜ್ಜಿಗೆ. ನಾಲ್ಕು ದಿನವೂ ತಪ್ಪಲಿಲ್ಲ.

ಪ್ರಮಾಣಪತ್ರದಲ್ಲಿ "ಭಾಗವಹಿಸಿದ್ದಾರೆ" ಅಂತಷ್ಟೇ ಬರೆಯಲಿಲ್ಲ. "ಹರ್ಡಲ್ಸ್, 5ನೇ ಲೇನ್", "ರೈಲ್ವೆ ನಿಲ್ದಾಣ, ಮುಂಜಾನೆ ಸ್ವಾಗತ" ಅಂತ ಅವರವರು ಮಾಡಿದ್ದನ್ನು ಬರೆದೆವು. ಅದಕ್ಕೆ ನಾಲ್ಕು ಜನ ಒಂದು ರಾತ್ರಿ ಕೂರಬೇಕಾಯಿತು.

ನಮ್ಮಿಂದ ಆಗದೇ ಹೋದದ್ದೂ ಒಂದಿದೆ. ಮೂರನೇ ದಿನ ಕಿವಿ ಕೇಳದ ಇಬ್ಬರು ಆಟಗಾರರು ಸ್ವಾಗತದ ಮೇಜಿನ ಹತ್ತಿರ ಬಂದರು. ನಮ್ಮ ಹುಡುಗಿ "ಗೊತ್ತಿಲ್ಲ, ಬನ್ನಿ ಕೇಳೋಣ" ಅಂದಳು, ಮತ್ತೆ ಅಂದಳು. ಅವರು ಅವಳ ತುಟಿ ನೋಡುತ್ತಾ ನಿಂತರು. ಕೊನೆಗೆ ಅವರೇ ಫೋನಿನಲ್ಲಿ ಬರೆದು ತೋರಿಸಿದರು. ಅವಳು ಸಂಜೆ ಬಂದು, "ಮೇಡಂ, ಇದನ್ನ ಕೈಯಲ್ಲಿ ಹೇಗೆ ಹೇಳೋದು?" ಅಂತ ಕೇಳಿದಳು. ನನಗೂ ಬರುತ್ತಿರಲಿಲ್ಲ. ಈಗ ಶನಿವಾರ ಮಧ್ಯಾಹ್ನ ಒಬ್ಬ ಟೀಚರ್ ಬಂದು ನಮ್ಮ ಹದಿನೆಂಟು ಜನರಿಗೆ ಸಂಜ್ಞೆಯ ಭಾಷೆ ಹೇಳಿಕೊಡುತ್ತಿದ್ದಾರೆ. ಹತ್ತೊಂಬತ್ತನೆಯವಳು ನಾನು. ನೀರು, ಊಟ, ಬಸ್ಸು, ನೋವು, ಎಲ್ಲಿ: ಇಷ್ಟು ಬಂದಿದೆ. ಮುಂದಿನ ವಾರ ಎಣಿಕೆ.