ಚಿನ್ನದ ಕಣಕ್ಕೆ ಒಂದು ವೋಲ್ಟ್ ಕೊಟ್ಟರೆ ಬಣ್ಣ ಎಷ್ಟು ಸರಿಯುತ್ತದೆ?

ಶಂಕರಘಟ್ಟದ ಲ್ಯಾಬ್‌ನಲ್ಲಿ ನಾನು ಮಾಡುವ ಕೆಲಸ ಹೇಳುವುದಕ್ಕೆ ಸುಲಭ. ಗಾಜಿನ ಮೇಲೆ ಚಿನ್ನದ ನ್ಯಾನೊಕಣಗಳನ್ನು ಕೂರಿಸಿ, ಅವಕ್ಕೆ ವೋಲ್ಟೇಜ್ ಕೊಟ್ಟು, ಅವು ಹೀರುವ ಬೆಳಕು ಹೇಗೆ ಬದಲಾಗುತ್ತದೆ ಎಂದು ಅಳೆಯುವುದು. ಯಾವ ಬಣ್ಣದ ಬೆಳಕನ್ನು ಎಷ್ಟು ಹೀರಿದವು ಎಂದು ತೋರಿಸುವ ಗೆರೆಯೇ ಸ್ಪೆಕ್ಟ್ರಮ್. ಹೊಸಬರು ಅದರಲ್ಲಿ ದೊಡ್ಡ ಬದಲಾವಣೆ ಕಂಡರೆ ಹಿಗ್ಗುತ್ತಾರೆ. ನನಗೆ ಅನುಮಾನ ಶುರುವಾಗುವುದೇ ಆಗ.

ಲೆಕ್ಕ ನೋಡಿ. 20 ನ್ಯಾನೊಮೀಟರ್ ಅಡ್ಡಳತೆಯ ಚಿನ್ನದ ಗುಂಡಿನಲ್ಲಿ ಸುಮಾರು ಎರಡೂವರೆ ಲಕ್ಷ ಪರಮಾಣುಗಳಿರುತ್ತವೆ, ಅಷ್ಟೇ ಸಂಖ್ಯೆಯ ಮುಕ್ತ ಎಲೆಕ್ಟ್ರಾನ್‌ಗಳೂ ಇರುತ್ತವೆ. ಇವು ಬೆಳಕಿನ ಜೊತೆ ಒಟ್ಟಾಗಿ ತೂಗಾಡುವುದನ್ನೇ ಪ್ಲಾಸ್ಮಾನ್ ಅನ್ನುವುದು. ಇಷ್ಟು ಗಾತ್ರದ ಕಣಗಳು 520 ನ್ಯಾನೊಮೀಟರ್ ಹತ್ತಿರದ ಹಸಿರನ್ನು ಹೀರಿಕೊಳ್ಳುವುದರಿಂದ ದ್ರಾವಣ ಮುರುಗಲು ಪಾನಕದ ಹಾಗೆ ಕೆಂಪು. ಎಲೆಕ್ಟ್ರಾನ್ ತುಂಬಿದರೆ ಶಿಖರ, ಅಂದರೆ ಅತಿ ಹೆಚ್ಚು ಬೆಳಕು ಹೀರುವ ಜಾಗ, ನೀಲಿಯ ಕಡೆಗೆ ಸರಿಯುತ್ತದೆ, ತೆಗೆದರೆ ಕೆಂಪಿನ ಕಡೆಗೆ. ಮೇಲ್ಮೈ ಕೆಪಾಸಿಟೆನ್ಸ್ (ಒಂದು ವೋಲ್ಟ್‌ಗೆ ಹಿಡಿದಿಡುವ ಚಾರ್ಜ್) ಚದರ ಸೆಂಟಿಮೀಟರಿಗೆ 20 ಮೈಕ್ರೊಫ್ಯಾರಡ್ ಅಂತ ಹಿಡಿದರೆ, ಒಂದು ವೋಲ್ಟ್‌ಗೆ ಒಂದು ಕಣದೊಳಗೆ ಹೋಗುವುದು ಸುಮಾರು 1,500 ಎಲೆಕ್ಟ್ರಾನ್, ಅಂದರೆ ಇದ್ದುದರ ಶೇಕಡಾ 0.6. ತರಂಗಾಂತರ ಎಲೆಕ್ಟ್ರಾನ್ ಸಾಂದ್ರತೆಯ ವರ್ಗಮೂಲಕ್ಕೆ ವಿಲೋಮವಾದ್ದರಿಂದ ಅದರಲ್ಲೂ ಅರ್ಧ. ಸಿಗುವುದು ಒಂದೂವರೆ ನ್ಯಾನೊಮೀಟರ್ ಆಸುಪಾಸು! ಹತ್ತು ಸರಿಯಿತು ಅಂದರೆ ಅದು ಬರೀ ಚಾರ್ಜಿನ ಕೆಲಸವಲ್ಲ. ಮೇಲೆ ಆಕ್ಸೈಡ್ ಕೂತಿದೆ, ಅಯಾನು ಅಂಟಿದೆ, ಇಲ್ಲವೇ ಕಣಗಳು ಒಂದಕ್ಕೊಂದು ತಾಗಿವೆ.

ಕಣ ತಯಾರಿಕೆ ರಸಾಯನವಿಜ್ಞಾನಿ ಟರ್ಕೆವಿಚ್ 1951ರಲ್ಲಿ ವಿವರಿಸಿದ, ಚಿನ್ನದ ಲವಣವನ್ನು ಸಿಟ್ರೇಟ್ ಜೊತೆ ಕುದಿಸುವ ವಿಧಾನವೇ, ಅದರಲ್ಲಿ ಹೊಸತೇನಿಲ್ಲ. ಕಷ್ಟ ಇರುವುದು ಕೂರಿಸುವುದರಲ್ಲಿ. ಐಟಿಒ ಗಾಜಿಗೆ (ವಿದ್ಯುತ್ ಹರಿಸುವ ಪಾರದರ್ಶಕ ಇಂಡಿಯಂ-ತವರ ಆಕ್ಸೈಡ್ ಲೇಪದ ಗಾಜು) ಮೊದಲು ಕಣಗಳನ್ನು ಹಿಡಿದಿಡುವ ಅಂಟಿನಂಥ ಅಮೈನೊಸಿಲೇನ್ ಪದರ ಹಚ್ಚಬೇಕು. ಆರಿದ್ರಾ ಮಳೆ ಹಿಡಿದುಕೊಂಡರೆ ನಮ್ಮ ಕಡೆ ಗಾಳಿಯೇ ಒದ್ದೆ. ಆ ತೇವಕ್ಕೆ ಸಿಲೇನ್ ತನ್ನಷ್ಟಕ್ಕೆ ಹೆಣೆದುಕೊಂಡು ಗಾಜಿನ ಮೇಲೆ ಮಬ್ಬು ಗಂಟುಗಳಾಗುತ್ತದೆ, ಕಣಗಳು ಅಲ್ಲಲ್ಲಿ ಗುಂಪುಗೂಡುತ್ತವೆ. ಅದಕ್ಕೇ ಸಿಲೇನ್ ಕೆಲಸವನ್ನೆಲ್ಲ ಬೇಸಿಗೆಯಲ್ಲೇ ಮುಗಿಸಿ, ಗಾಜುಗಳನ್ನು ತೇವ ತಾಗದ ಡೆಸಿಕೇಟರ್ ಪಾತ್ರೆಯಲ್ಲಿಟ್ಟು, ಮಳೆಗಾಲವನ್ನು ಅಳತೆಗೆ ಮೀಸಲಿಡುತ್ತೇನೆ. ಒಳ್ಳೆಯ ಫಿಲ್ಮ್ ಬಿಳಿ ಹಾಳೆಯ ಮೇಲಿಟ್ಟರೆ ತಿಳಿ ಗುಲಾಬಿ. ನೇರಳೆ ಛಾಯೆ ಕಂಡರೆ ಕಣಗಳು ಒತ್ತಾಗಿವೆ ಅಂತಲೇ ಅರ್ಥ, ಅದನ್ನು ಪಕ್ಕಕ್ಕಿಡಿ.

ಸೆಲ್ಲಿಗೆ 0.1 ಮೋಲಾರ್ ಪೊಟ್ಯಾಸಿಯಂ ನೈಟ್ರೇಟ್, ಪ್ಲಾಟಿನಂ ತಂತಿ, ವೋಲ್ಟೇಜ್ ಅಳೆಯಲು ಆಧಾರವಾಗುವ ಸಿಲ್ವರ್ ಕ್ಲೋರೈಡ್ ರೆಫರೆನ್ಸ್ ಎಲೆಕ್ಟ್ರೋಡ್. ಕ್ಲೋರೈಡ್ ದ್ರಾವಣ ಬಳಸುವುದಿಲ್ಲ, ಏಕೆಂದರೆ ಅದರಲ್ಲಿ ಪಾಸಿಟಿವ್ ಕಡೆ ಹೆಚ್ಚು ಹೋದರೆ ಚಿನ್ನವೇ ಕರಗುತ್ತದೆ. ನೆಗೆಟಿವ್ ಕಡೆ ಅತಿಯಾದರೆ ಐಟಿಒ ಕಂದು ತಿರುಗುತ್ತದೆ. -0.5 ಮತ್ತು +0.5 ವೋಲ್ಟ್ ನಡುವೆಯೇ ನನ್ನ ಓಡಾಟ. ಮೊದಲು ನೈಟ್ರೋಜನ್ ಹಾಯಿಸಿ ಆಮ್ಲಜನಕ ಓಡಿಸಬೇಕು, ದೀಪ ಚೆನ್ನಾಗಿ ಕಾದಿರಬೇಕು. ಒಂದೂವರೆ ನ್ಯಾನೊಮೀಟರ್ ಹುಡುಕುವಾಗ ದೀಪದ ಸಣ್ಣ ಏರಿಳಿತವೂ ದಾರಿ ತಪ್ಪಿಸುತ್ತದೆ.

ಪ್ರತಿ ಅಳತೆಯ ನಂತರ ಶುರುವಿನ ವೋಲ್ಟೇಜಿಗೇ ಮರಳುತ್ತೇನೆ. ಶಿಖರವೂ ಅದರ ಎತ್ತರವೂ ಹಿಂದಿನ ಜಾಗಕ್ಕೆ ಬಂದರೆ ಮಾತ್ರ ಆ ದತ್ತಾಂಶ ಪುಸ್ತಕಕ್ಕೆ ಹೋಗುತ್ತದೆ. ಎತ್ತರ ಮಾತ್ರ ತಗ್ಗಿದ್ದರೆ ಕಣಗಳು ಗಾಜು ಬಿಟ್ಟು ಎದ್ದಿರುವ ಸಂಭವವೇ ಹೆಚ್ಚು. ಕರೆಂಟ್‌ನ ಗೆರೆಯನ್ನು ಸ್ಪೆಕ್ಟ್ರಮ್ ಪಕ್ಕದಲ್ಲೇ ಇಟ್ಟು ಓದಬೇಕು. ಬರೀ ಚಾರ್ಜ್ ಆಗುವಾಗ ಗೆರೆ ಹೆಚ್ಚುಕಡಿಮೆ ಸಪಾಟು, ಉಬ್ಬು ಕಂಡಲ್ಲಿ ರಾಸಾಯನಿಕ ಕ್ರಿಯೆ ನಡೆದಿದೆ.

ಕಣ್ಣಿಗೇ ಕಾಣುವ ಬದಲಾವಣೆ ಬೇಕಿದ್ದರೆ ಬೆಳ್ಳಿ ಹಾಕಿ. ದ್ರಾವಣಕ್ಕೆ ಒಂದಿಷ್ಟು ಸಿಲ್ವರ್ ನೈಟ್ರೇಟ್ ಸೇರಿಸಿ ವೋಲ್ಟೇಜ್ ಮೆಲ್ಲಗೆ ಇಳಿಸಿದರೆ ಚಿನ್ನದ ಮೇಲೆ ಬೆಳ್ಳಿಯ ಚಿಪ್ಪು ಬೆಳೆಯುತ್ತದೆ. ಗುಲಾಬಿ ಕಿತ್ತಳೆಗೆ ತಿರುಗಿ ಹಳದಿಯತ್ತ ಹೋಗುತ್ತದೆ, 400 ನ್ಯಾನೊಮೀಟರ್ ಸುತ್ತ ಬೆಳ್ಳಿಯ ಶಿಖರ ಏಳುತ್ತದೆ. ಇದನ್ನು ನೋಡುವ ಸಂತೋಷ ನನಗೆ ಇವತ್ತಿಗೂ ಕಡಿಮೆಯಾಗಿಲ್ಲ. ಇಲ್ಲಿ ರೆಫರೆನ್ಸ್ ಮತ್ತು ದ್ರಾವಣದ ನಡುವೆ ನೈಟ್ರೇಟ್ ದ್ರಾವಣ ತುಂಬಿದ ಸೇತುವೆ ಇರಲೇಬೇಕು, ಇಲ್ಲದಿದ್ದರೆ ಸೋರುವ ಕ್ಲೋರೈಡ್ ಬೆಳ್ಳಿಯನ್ನು ಬಿಳಿ ಮಡ್ಡಿಯಾಗಿಸುತ್ತದೆ. ವೋಲ್ಟೇಜ್ ತೀರಾ ಇಳಿಸಲೂಬಾರದು, ಬೆಳ್ಳಿ ಗಾಜಿನ ಮೇಲೂ ಕೂರುತ್ತದೆ.

ಒಂದು ಪರಮಾಣು ದಪ್ಪದ ಬೆಳ್ಳಿಗೆ ಚದರ ಸೆಂಟಿಮೀಟರಿಗೆ ಸುಮಾರು 220 ಮೈಕ್ರೊಕೂಲಂ ಬೇಕು. ಇದರಿಂದ ಚಿಪ್ಪಿನ ದಪ್ಪ ಅಂದಾಜಾಗುತ್ತದೆ. ಆದರೆ ಕಣಗಳ ಒಟ್ಟು ಮೇಲ್ಮೈ ಹಿಡಿದು ಭಾಗಿಸಬೇಕು, ಗಾಜಿನದ್ದಲ್ಲ. ವೋಲ್ಟೇಜ್ ಮತ್ತೆ ಏರಿಸಿ ಬೆಳ್ಳಿ ಕಳಚುವಾಗ ಹೊರಬಂದ ಚಾರ್ಜನ್ನೂ ಕೂರಿಸಿದ್ದಕ್ಕೆ ಹೋಲಿಸಿ ನೋಡುತ್ತೇನೆ. ಎರಡೂ ತಾಳೆಯಾಗಿ, ಶಿಖರವೂ ಮೊದಲಿನ ಜಾಗಕ್ಕೆ ಬಂದರೆ ಅದೇ ಫಿಲ್ಮ್ ಮುಂದಿನ ಸುತ್ತಿಗೆ ಆಗುತ್ತದೆ.