ಹಣದುಬ್ಬರ ಇಳಿದರೆ ಬೆಲೆ ಯಾಕೆ ಇಳಿಯಲ್ಲ? ಒಂದು ಪ್ರಶ್ನೆ ಕಲಿಸಿದ ಪಾಠ

ವಾರಕ್ಕೊಂದು ಸಂಜೆ ಹತ್ತು ಹದಿನೈದು ಜನ ಸೇರುತ್ತೇವೆ. ಆರ್ಥಿಕ ಸುದ್ದಿ ಓದುತ್ತೇವೆ, ಅದರಲ್ಲಿರುವ ಅಂಕಿಗಳನ್ನು ಬಿಡಿಸಿ ನೋಡುತ್ತೇವೆ. ಅಷ್ಟೇ. ಬರುವವರಲ್ಲಿ ಯಾರೂ ಅರ್ಥಶಾಸ್ತ್ರ ಓದಿದವರಲ್ಲ. ನಾನೊಬ್ಬನೇ ಓದಿದವನು, ಮೊದಲ ಕೆಲವು ತಿಂಗಳು ಎಲ್ಲಾ ಕೆಡಿಸಿದ್ದೂ ಅದೇ ಓದು.

ಮೊದಲ ದಿನ ನಲವತ್ತು ಸ್ಲೈಡ್ ತಗೊಂಡು ಹೋಗಿದ್ದೆ. ಜಿಡಿಪಿ ಅಂದರೇನು, ಹಣದುಬ್ಬರ ಅಂದರೇನು, ವಿತ್ತೀಯ ಕೊರತೆ ಅಂದರೇನು. ಹನ್ನೆರಡನೇ ಸ್ಲೈಡಿಗೆ ಒಬ್ಬರು ಮೊಬೈಲ್ ತೆಗೆದರು, ಇಪ್ಪತ್ತು ದಾಟುವಷ್ಟರಲ್ಲಿ ಅರ್ಧ ಜನ. ಕೊನೆಗೆ ವಯಸ್ಸಾದ ಹೆಂಗಸೊಬ್ಬರು ಕೇಳಿದರು: "ಸರ್, ಹಣದುಬ್ಬರ ಇಳೀತು ಅಂತ ಪೇಪರಲ್ಲಿ ಬಂದಿದೆ. ನನ್ನ ಖರ್ಚು ಮಾತ್ರ ಇಳಿದಿಲ್ಲ. ಸುಳ್ಳು ಹೇಳ್ತಿರೋದು ಪೇಪರೋ, ನಾನೋ?"

ಹತ್ತು ನಿಮಿಷ ವಿವರಿಸಿದೆ. ಅವರು ಮರ್ಯಾದೆಗೆ ತಲೆಯಾಡಿಸಿದರು. ಅರ್ಥ ಆಗಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಮುಂದಿನ ವಾರ ಸ್ಲೈಡ್ ಇಲ್ಲ. ಬೋರ್ಡಿನ ಮೇಲೆ ಮೂರೇ ಅಂಕಿ ಬರೆದೆ: 100, 110, 114. ಒಂದು ವಸ್ತುವಿನ ಮೂರು ವರ್ಷದ ಬೆಲೆ. ಮೊದಲ ವರ್ಷದಿಂದ ಎರಡನೆಯದಕ್ಕೆ ಎಷ್ಟು ಏರಿತು, ಎರಡರಿಂದ ಮೂರಕ್ಕೆ ಎಷ್ಟು, ನೀವೇ ಲೆಕ್ಕ ಹಾಕಿ ಅಂದೆ. ಮೊದಲನೆಯದು ಶೇ 10, ಎರಡನೆಯದು ಶೇ 3.6. ಆ ಹೆಂಗಸು ಬೋರ್ಡನ್ನೇ ನೋಡುತ್ತಾ, "ಓ, ಹತ್ತೋದು ನಿಧಾನ ಆಗಿದೆ ಅಷ್ಟೇ, ಇಳಿದಿಲ್ಲ" ಅಂದರು. ನನ್ನ ಹತ್ತು ನಿಮಿಷದ ಭಾಷಣ ಅವರ ಬಾಯಲ್ಲಿ ನಾಲ್ಕು ಮಾತಾಗಿ ಬಂತು. ಅವತ್ತಿನಿಂದ ಒಂದು ನಿಯಮ ಮಾಡಿಕೊಂಡೆ. ವ್ಯಾಖ್ಯಾನ ಮೊದಲು ಹೇಳಬಾರದು, ಲೆಕ್ಕ ಅವರ ಕೈಯಲ್ಲೇ ಮಾಡಿಸಬೇಕು, ಹೆಸರು ಕೊನೆಗೆ ಕೊಟ್ಟರೆ ಸಾಕು.

ಆದರೂ ಅವರ ಪ್ರಶ್ನೆ ಅರ್ಧ ಉಳಿದಿತ್ತು. ಸರ್ಕಾರ ಹೇಳುವ ದರಕ್ಕಿಂತ ನನ್ನ ಖರ್ಚು ಜಾಸ್ತಿ ಏರಿದೆ ಅನ್ನೋ ಅನುಮಾನ ಗುಂಪಿನಲ್ಲಿ ಎಲ್ಲರಿಗೂ ಇತ್ತು. ಇದಕ್ಕೆ ನಾನು ಮಾಡಿಸಿದ ಆಟ ಇವತ್ತಿಗೂ ನನ್ನ ಅತಿ ಇಷ್ಟದ ಪಾಠ. ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ನಿಮ್ಮ ತಿಂಗಳ ಖರ್ಚು 100 ಅಂದುಕೊಂಡು ಅದನ್ನು ಊಟ, ಬಾಡಿಗೆ, ಔಷಧಿ, ಓಡಾಟ ಅಂತ ಹಂಚಿ ಅಂದೆ. ಆಮೇಲೆ ಎಲ್ಲರಿಗೂ ಒಂದೇ ಬೆಲೆ ಏರಿಕೆ ಕೊಟ್ಟೆ: ಊಟ ಶೇ 10, ಬಾಡಿಗೆ 4, ಔಷಧಿ 12, ಓಡಾಟ 1. ಕೆಲಸಕ್ಕೆ ಹೋಗುವ ಹುಡುಗನೊಬ್ಬನ ಹಂಚಿಕೆ ಊಟಕ್ಕೆ 30, ಬಾಡಿಗೆಗೆ 40, ಓಡಾಟಕ್ಕೆ 30, ಔಷಧಿಗೆ ಸೊನ್ನೆ. ಒಂದೊಂದು ಖರ್ಚೂ ಎಷ್ಟು ಏರಿತು ಅಂತ ಕೂಡಿಸಿದಾಗ (3 + 1.6 + 0.3) ಅವನ ಹಣದುಬ್ಬರ ಶೇ 4.9 ಬಂತು. ಆ ಹೆಂಗಸಿಗೆ ಸ್ವಂತ ಮನೆ. ಊಟಕ್ಕೆ 60, ಔಷಧಿಗೆ 30, ಓಡಾಟಕ್ಕೆ 10. ಅವರದ್ದು 9.7. ಇಬ್ಬರಿಗೂ ಅದೇ ಬೆಲೆ, ಅದೇ ವರ್ಷ, ಹಣದುಬ್ಬರ ಮಾತ್ರ ಒಬ್ಬರದ್ದು ಇನ್ನೊಬ್ಬರ ಎರಡರಷ್ಟು. ಅಧಿಕೃತ ಅಂಕಿ ಇಂಥ ಲಕ್ಷಾಂತರ ಚೀಟಿಗಳ ಸರಾಸರಿ, ಯಾರೊಬ್ಬರ ಚೀಟಿಯೂ ಅಲ್ಲ. ಪೇಪರೂ ಸುಳ್ಳು ಹೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಶೇಕಡಾ ಲೆಕ್ಕದಲ್ಲಿ ನಾನೂ ಒಮ್ಮೆ ಸಿಕ್ಕಿಬಿದ್ದೆ. ಬಡ್ಡಿ ದರ ಶೇ 4ರಿಂದ 5ಕ್ಕೆ ಹೋದದ್ದನ್ನು "ಶೇ 1 ಏರಿಕೆ" ಅಂತ ಬರೆದಿದ್ದೆ. ಆ ಹುಡುಗ ಎದ್ದು, "ಸರ್, ನಾಲ್ಕರ ಮೇಲೆ ಒಂದು ಅಂದ್ರೆ ಶೇ 25 ಅಲ್ವಾ?" ಅಂದ. ಹೌದು. ಒಂದು ಶೇಕಡಾ ಅಂಶ ಏರಿದೆ (5ರಲ್ಲಿ 4 ಕಳೆದರೆ 1), ಶೇ 25ರಷ್ಟು ಏರಿದೆ, ಎರಡೂ ಸರಿ. ನಾನು ಬರೆದದ್ದು ಮಾತ್ರ ತಪ್ಪು. ಹೆದರಿಸಬೇಕಾದವರು 25 ಅನ್ನುತ್ತಾರೆ, ಸಮಾಧಾನ ಹೇಳಬೇಕಾದವರು 1 ಅನ್ನುತ್ತಾರೆ.

2020ರ ಲಾಕ್‌ಡೌನ್ ಕುಸಿತದ ಮರುವರ್ಷ ಹಲವು ದೇಶಗಳು ದಾಖಲೆ ಬೆಳವಣಿಗೆ ಅಂತ ಹೇಳಿಕೊಂಡದ್ದು ಎಲ್ಲರಿಗೂ ನೆನಪಿತ್ತು. ಅದಕ್ಕೂ ಬೋರ್ಡೇ ಸಾಕಾಯಿತು. 100 ಇದ್ದದ್ದು ಶೇ 20 ಬಿದ್ದು 80 ಆಯಿತು, ಆಮೇಲೆ ಶೇ 20 ಎದ್ದು 96 ಆಯಿತು. ಎದ್ದದ್ದು ನಿಜ, ಇದ್ದಲ್ಲಿಗೆ ಬಂದಿಲ್ಲ ಅನ್ನೋದೂ ನಿಜ.

ಇಷ್ಟರಲ್ಲಿ ಜನಕ್ಕೆ ರುಚಿ ಹತ್ತಿತ್ತು, ನನಗೂ. ಆ ಹುಮ್ಮಸ್ಸಿನಲ್ಲಿ ದೊಡ್ಡ ತಪ್ಪೊಂದು ಮಾಡಿದೆ. ಸಾಲು ಸಾಲಾಗಿ ಅಂಕಿಅಂಶದ ಎಡವಟ್ಟಿನ ಕಥೆಗಳನ್ನೇ ಹೇಳತೊಡಗಿದೆ. ನೈಜೀರಿಯಾ 2014ರಲ್ಲಿ ಲೆಕ್ಕದ ಮೂಲ ವರ್ಷವನ್ನು, ಅಂದರೆ ಲೆಕ್ಕಕ್ಕೆ ಆಧಾರವಾಗಿಟ್ಟುಕೊಳ್ಳುವ ವರ್ಷವನ್ನು, 1990ರಿಂದ 2010ಕ್ಕೆ ಬದಲಿಸಿದಾಗ ಜಿಡಿಪಿ, ಅಂದರೆ ದೇಶದ ಒಟ್ಟು ಉತ್ಪಾದನೆಯ ಮೌಲ್ಯ, ಶೇ 89ರಷ್ಟು ಜಾಸ್ತಿಯಾದದ್ದು. ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಪೇಟೆಂಟ್‌ನಂಥ ಆಸ್ತಿಗಳನ್ನು ಐರ್ಲೆಂಡಿನ ಲೆಕ್ಕಕ್ಕೆ ವರ್ಗಾಯಿಸಿದ್ದರಿಂದ 2015ರಲ್ಲಿ ಅದರ ಜಿಡಿಪಿ ಸುಮಾರು ಶೇ 26 ಜಿಗಿದದ್ದು. ಸರ್ಕಾರಿ ಸಾಲ ಜಿಡಿಪಿಯ ಶೇ 90 ದಾಟಿದರೆ ಬೆಳವಣಿಗೆ ಕುಸಿಯುತ್ತದೆ ಅಂದ 2010ರ ಹೆಸರುವಾಸಿ ಪ್ರಬಂಧದಲ್ಲಿ, ಎಕ್ಸೆಲ್ ಹಾಳೆಯ ತಪ್ಪಿನಿಂದ ಐದು ದೇಶಗಳೇ ಬಿಟ್ಟುಹೋಗಿದ್ದನ್ನು 2013ರಲ್ಲಿ ಒಬ್ಬ ವಿದ್ಯಾರ್ಥಿ ಹಿಡಿದದ್ದು. ಜನ ನಕ್ಕರು, ಚಪ್ಪಾಳೆ ತಟ್ಟಿದರು. ತಿಂಗಳು ಕಳೆಯುವಷ್ಟರಲ್ಲಿ ಯಾವ ಅಂಕಿ ತಂದಿಟ್ಟರೂ "ಬಿಡಿ ಸರ್, ಎಲ್ಲಾ ಬೋಗಸ್ಸು" ಅನ್ನತೊಡಗಿದರು. ಮೊದಲು ಕಣ್ಣು ಮುಚ್ಚಿ ನಂಬುತ್ತಿದ್ದರು, ಈಗ ಕಣ್ಣು ಮುಚ್ಚಿ ಅಲ್ಲಗಳೆಯುತ್ತಿದ್ದರು. ನನ್ನನ್ನು ಕೇಳಿದರೆ ಎರಡನೆಯದೇ ಕಷ್ಟದ ಕಾಯಿಲೆ, ಅದಕ್ಕೆ ಬುದ್ಧಿವಂತಿಕೆಯ ವೇಷ ಬೇರೆ.

ಅದನ್ನು ಬಿಡಿಸಿದ್ದು ನಿರುದ್ಯೋಗದ ಪಾಠ. ಸುಮ್ನೆ ನಿರುದ್ಯೋಗ ದರ ತೋರಿಸುವ ಬದಲು, ಹತ್ತು ಕಾಲ್ಪನಿಕ ಮನುಷ್ಯರ ವಿವರ ಕೊಟ್ಟು ನೀವೇ ಎಣಿಸಿ ಅಂದೆ. ವಾರದಲ್ಲಿ ಮೂರು ಗಂಟೆ ಮಾತ್ರ ಕೂಲಿ ಸಿಕ್ಕವನು. ಕೆಲಸ ಹುಡುಕಿ ಸಾಕಾಗಿ ಬಿಟ್ಟವಳು. ಪರೀಕ್ಷೆಗೆ ಓದುತ್ತಾ ಕೂತವನು. ಇಡೀ ಸಂಜೆ ಜಗಳ. ಪ್ರತಿ ಗುಂಪಿನ ಉತ್ತರವೂ ಬೇರೆ. ಕೊನೆಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಳತೆ ಹೇಳಿದೆ: ಆ ವಾರ ಒಂದು ಗಂಟೆ ಸಂಬಳಕ್ಕೋ ಲಾಭಕ್ಕೋ ದುಡಿದಿದ್ದರೂ ಉದ್ಯೋಗಿ, ಕೆಲಸ ಇಲ್ಲದೆ, ಹುಡುಕುತ್ತಾ, ಸಿಕ್ಕರೆ ಮಾಡಲು ಸಿದ್ಧ ಇದ್ದರೆ ಮಾತ್ರ ನಿರುದ್ಯೋಗಿ. ಹುಡುಕುವುದನ್ನೇ ಬಿಟ್ಟವಳು ಲೆಕ್ಕದಿಂದ ಆಚೆ. "ಇದು ಮೋಸ" ಅಂದರು ಒಬ್ಬರು. "ಮೋಸ ಅಲ್ಲ, ಎಲ್ಲೋ ಒಂದು ಕಡೆ ಗೆರೆ ಎಳೀಲೇಬೇಕಲ್ಲ, ನಾವೂ ಎಳೆದ್ವಲ್ಲ" ಅಂದರು ಪಕ್ಕದವರು. ಬೋಗಸ್ಸು ಅನ್ನೋ ಮಾತು ಅಲ್ಲಿಂದ ಕಮ್ಮಿ ಆಯಿತು. ತಾವೇ ಎಣಿಸಿದವರಿಗೆ ಎಣಿಸುವವರ ಕಷ್ಟ ಗೊತ್ತಾಗುತ್ತದೆ. ಈಗ ನಿರುದ್ಯೋಗ ಇಳಿದಿದೆ ಅಂತ ಸುದ್ದಿ ಬಂದರೆ, ಕೆಲಸ ಸಿಕ್ಕಿತಾ ಅಥವಾ ಹುಡುಕೋದು ಬಿಟ್ಟರಾ ಅಂತ ಅವರೇ ಕೇಳುತ್ತಾರೆ.

ನೀತಿಯ ಚರ್ಚೆಗೆ ಕೈ ಹಾಕಿದ್ದು ಇದಾದ ಮೇಲೆ. ಕನಿಷ್ಠ ಕೂಲಿ ಏರಿಸಬೇಕೋ ಬೇಡವೋ ಅನ್ನೋ ವಿಷಯ ತಗೊಂಡು, ಎರಡೂ ಕಡೆಯ ಒಂದೊಂದು ವಾಕ್ಯವನ್ನೂ ಚೀಟಿಯಲ್ಲಿ ಬರೆಸಿದೆ. ಆಮೇಲೆ ಚೀಟಿಗಳನ್ನು ಎರಡು ರಾಶಿ ಮಾಡಿಸಿದೆ, ಅಳೆದು ನೋಡಬಹುದಾದ ಮಾತು ಒಂದು ಕಡೆ, ಅಳೆಯಲಾಗದ್ದು ಇನ್ನೊಂದು ಕಡೆ. ಕೂಲಿ ಏರಿದರೆ ಎಷ್ಟು ಜನರ ಕೆಲಸ ಹೋಗುತ್ತದೆ ಅನ್ನೋದು ಅಳೆಯುವ ಮಾತು. ಹತ್ತು ಜನರ ಕೂಲಿ ಏರಿಸಲು ಒಬ್ಬನ ಕೆಲಸ ಹೋದರೆ ಸರಿಯಾ ಅನ್ನೋದಕ್ಕೆ ಯಾವ ಸಮೀಕ್ಷೆಯೂ ಉತ್ತರ ಕೊಡಲ್ಲ. ಟಿವಿಯಲ್ಲಿ ಕಿರುಚಾಡುವವರು ಹೆಚ್ಚಾಗಿ ಎರಡನೇ ರಾಶಿಯ ಜಗಳವನ್ನು ಮೊದಲ ರಾಶಿಯ ಅಂಕಿಯಿಂದ ಆಡುತ್ತಿರುತ್ತಾರೆ. ಯಾರೂ ಪಕ್ಷ ಬದಲಿಸಲಿಲ್ಲ, ಬದಲಿಸಲಿ ಅಂತ ನಾನು ಕೂತದ್ದೂ ಅಲ್ಲ. ನನ್ನ ಒಲವು ಯಾವ ಕಡೆ ಅಂತ ಮೊದಲು ಮುಚ್ಚಿಡುತ್ತಿದ್ದೆ, ಈಗ ಶುರುವಿನಲ್ಲೇ ಹೇಳಿಬಿಡುತ್ತೇನೆ. ಹೇಳಿದ ಮೇಲೆ ನನ್ನ ಲೆಕ್ಕವನ್ನು ಇನ್ನೂ ಜೋರಾಗಿ ತಪಾಸಣೆ ಮಾಡುತ್ತಾರೆ, ಒಳ್ಳೇದೇ ಆಯಿತು.

ಇನ್ನೂ ಸೋಲುತ್ತಿರುವ ಪಾಠವೊಂದಿದೆ. ಕೆಲವು ತಿಂಗಳಲ್ಲಿ ವ್ಯಾಪಾರ ಪ್ರತಿ ವರ್ಷವೂ ಜಾಸ್ತಿ, ಕೆಲವು ತಿಂಗಳಲ್ಲಿ ಕಮ್ಮಿ. ಆ ಮಾಮೂಲಿ ಏರಿಳಿತ ತೆಗೆದು ಅಂಕಿ ಕೊಡುವ ಪದ್ಧತಿ ಇದೆ, ಋತುಮಾನ ಹೊಂದಾಣಿಕೆ ಅಂತ. ಎರಡು ಸಲ ಪ್ರಯತ್ನಪಟ್ಟೆ. ಎರಡು ಸಲವೂ ಆ ಹೆಂಗಸು ಕನ್ನಡಕ ಮೇಲೆ ಮಾಡಿಕೊಂಡು, "ಹಾಗಾದ್ರೆ ಅಂಕಿ ತಿದ್ದಿದ್ದಾರೆ ಅಂತಾಯ್ತು" ಅಂದರು. ಮುಂದಿನ ವಾರಕ್ಕೆ ಅವರ ಹತ್ತಿರವೇ ಮೂರು ವರ್ಷದ ಕರೆಂಟ್ ಬಿಲ್ ತರೋಕೆ ಹೇಳಿದ್ದೇನೆ, ನೋಡೋಣ.