ಬ್ರಷ್ ಆದಮೇಲೆ ಉಗಿಯಿರಿ, ಮುಕ್ಕಳಿಸಬೇಡಿ

ರಾತ್ರಿ ಹಲ್ಲುಜ್ಜಿ ಆಮೇಲೆ ಚೊಂಬುಗಟ್ಟಲೆ ನೀರಲ್ಲಿ ಗುಳುಗುಳು ಮಾಡೋದು ನಮ್ಮನೇಲೂ ಇತ್ತು, ಈಗ ಬಿಡಿಸಿದ್ದೇನೆ. ಪೇಸ್ಟಿನಲ್ಲಿರೋ ಫ್ಲೋರೈಡ್ ಕೆಲಸ ಮಾಡೋದು ಬಾಯಲ್ಲಿ ಉಳಿದರೆ ಮಾತ್ರ. ಸಿಹಿ ತಿಂದಾಗ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತೆ, ಅದು ಎನಾಮೆಲ್‌ನಿಂದ (ಹಲ್ಲಿನ ಗಟ್ಟಿ ಹೊರಪದರ) ಕ್ಯಾಲ್ಸಿಯಂ, ಫಾಸ್ಫೇಟ್ ಎಳೆದುಹಾಕುತ್ತೆ. ಜೊಲ್ಲಿನಲ್ಲಿ ಚೂರು ಫ್ಲೋರೈಡ್ ಇದ್ದರೆ ಅವು ಮರಳಿ ಕೂರುತ್ತವೆ, ಹಾಗೆ ಕೂತ ಪದರ ಮುಂದಿನ ಆಮ್ಲಕ್ಕೆ ಸುಲಭಕ್ಕೆ ಜಗ್ಗಲ್ಲ. ತೂತು ಬಿದ್ದಮೇಲೆ ಮಾತ್ರ ಪೇಸ್ಟಿನಿಂದ ಏನೂ ಆಗಲ್ಲ, ಡಾಕ್ಟರೇ ಗತಿ.

ಟ್ಯೂಬಿನ ಹಿಂದೆ ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷ ಪಾಲಿಗೆ ಸಾವಿರ ಪಾಲು) ಹತ್ತಿರ ಇದೆಯಾ ನೋಡಿ. 3 ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಷ್ಟು, 3ರಿಂದ 6ರವರೆಗೆ ಬಟಾಣಿಯಷ್ಟು. ಜಾಹೀರಾತಿನಲ್ಲಿ ಬ್ರಷ್ ತುಂಬ ಹಾಕ್ತಾರಲ್ಲ, ಅದು ಪೇಸ್ಟ್ ಬೇಗ ಖಾಲಿಯಾಗಲಿ ಅಂತ!

ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ ಕಡೆಯವರು ಗಮನಿಸಿ: ಅಲ್ಲಿನ ಎಷ್ಟೋ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಮೊದಲೇ ಜಾಸ್ತಿ. ಕುಡಿಯೋ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಹೆಚ್ಚಾದ ನೀರನ್ನೇ ಕುಡಿದು ಬೆಳೆದ ಮಕ್ಕಳ ಹಲ್ಲು ಕಂದುಗಟ್ಟುತ್ತೆ. ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಉಳಿದ ನೀರಲ್ಲಿ ಅದರ ಪ್ರಮಾಣ ಇನ್ನೂ ಜಾಸ್ತಿಯಾಗುತ್ತೆ ಅಷ್ಟೆ. ಆರ್‌ಓ ನೀರು ತನ್ನಿ. ಅಂಥ ಊರಲ್ಲಿ ಪುಟ್ಟ ಮಕ್ಕಳಿಗೆ ಯಾವ ಪೇಸ್ಟ್ ಅಂತ ದಂತವೈದ್ಯರನ್ನು ಒಮ್ಮೆ ಕೇಳಿಬಿಡಿ.